ಧೋತರದ ಮೇಲೆ ಬೀನಪ್ಪ

ಮಿಸ್ಟರ್ ಬೀನ್ ನಮ್ಮ ಜಿಡಗಾದಲ್ಲಿ ದೊಡ್ಡ ಪರದೆಗೆ ಬಂದದ್ದು 2008ರ ಗಣೇಶ ಹಬ್ಬಕ್ಕೆ. ಅವನ ಮೊದಲ ಸಿನಿಮಾ 1997ರಲ್ಲೇ ಜಗತ್ತು ಸುತ್ತಿ ಮುಗಿಸಿತ್ತು. ಎರಡನೆಯದು ಬಂದು ಒಂದೂವರೆ ವರ್ಷವಾಗಿತ್ತು. ಲಂಡನ್ನಿನಿಂದ ಹೊರಟವನು ಆಳಂದ ತಾಲ್ಲೂಕು ಮುಟ್ಟಲಿಕ್ಕೆ ಅಷ್ಟು ಹೊತ್ತು ಹಿಡಿಯಿತೆಂದರೆ ಅದರಲ್ಲಿ ದೂರುವಂಥದ್ದೇನೂ ಇಲ್ಲ. ನಮ್ಮಲ್ಲಿಗೆ ಹೊಸ ಸಿನಿಮಾ ಬರುವುದೇ ಉಳಿದವರಿಗೆ ಅದು ಹಳೆಯದಾದ ಮೇಲೆ.

ಈಗಲೂ ಹೊಲದಲ್ಲಿ ಸೀತನಿ ಸುಡುವ ದಿನ ಬಂದರೆ, ಕುಳ್ಳಿನ ಬೆಂಕಿ ಸುತ್ತ ಕೂತು ಬಿಸಿ ತೆನೆ ತಿಕ್ಕುತ್ತ ಕೈ ಸುಟ್ಟುಕೊಳ್ಳುವಾಗ ಯಾರಾದರೊಬ್ಬರು ‘ಆ ಬೀನಪ್ಪಂದು ಹೇಳ್ರಿ’ ಅನ್ನುತ್ತಾರೆ. ಹೇಳುವವರು ಬೇರೆ ಬೇರೆ, ಹಾಗಾಗಿ ಕಥೆಯೂ ಬೇರೆ ಬೇರೆ. ಒಬ್ಬರ ಲೆಕ್ಕದಲ್ಲಿ ಅಂದು ಐದು ಸಾವಿರ ಮಂದಿ ಕೂಡಿದ್ದರು. ನಮ್ಮೂರಲ್ಲಿ ಅಷ್ಟು ಮಂದಿ ಕೂಡುವುದು ಮಠದ ಜಾತ್ರೆಗೆ ಮಾತ್ರ. ಇನ್ನೊಬ್ಬರು ಬೀನಪ್ಪ ಖುದ್ದು ಬಂದಿದ್ದ ಅನ್ನುವ ತನಕ ಹೋಗುತ್ತಾರೆ. ನಾನು ಕಂಡಷ್ಟು ಹೇಳುತ್ತೇನೆ.

ಜಿಡಗಾ ಅಂದರೆ ಹೊರಗಿನವರಿಗೆ ನೆನಪಾಗುವುದು ಮಠ. ಮುಗಳಖೋಡ-ಜಿಡಗಾ ಎಂದು ಜೋಡಿ ಹೆಸರಿನಲ್ಲೇ ಕರೆಯುವ ಮಠ ಅದು. ಮುಗಳಖೋಡ ಇರುವುದು ದೂರದ ಬೆಳಗಾವಿ ಜಿಲ್ಲೆಯ ರಾಯಬಾಗ ಸೀಮೆಯಲ್ಲಿ, ಭಕ್ತರಿಗೆ ಮಾತ್ರ ಎರಡೂ ಒಂದೇ. ಮಠದ ಆಚೆಗೆ ನಮ್ಮದು ತೊಗರಿ-ಜೋಳದ ಊರು. ಸಂತೆಗೆ ಆಳಂದ, ಆಸ್ಪತ್ರೆಗೆ ಕಲಬುರ್ಗಿ ಇಲ್ಲವೇ ಗಡಿ ದಾಟಿ ಸೊಲ್ಲಾಪುರ, ದುಡಿಮೆಗೆ ಪುಣೆ-ಮುಂಬಯಿ. ದುಡಿಯಲು ಹೋದವರು ಹಬ್ಬಕ್ಕೆ ಬರುವಾಗ ಏನಾದರೊಂದು ಹೊಸದನ್ನು ಹೊತ್ತು ತರುತ್ತಾರೆ. ಬೀನಪ್ಪ ಬಂದದ್ದೂ ಆ ದಾರಿಯಲ್ಲೇ.

ಟಿವಿ ಮಾತ್ರ ನಮ್ಮ ಕಡೆಗೆ ಹೊಸದಲ್ಲ. ಬೆಂಗಳೂರಿನವರ ಮುಂದೆ ಇದನ್ನು ಹೇಳಿದರೆ ನಗುತ್ತಾರೆ, ಆದರೂ ಖರೇ ಮಾತು. 1975ರ ಆಗಸ್ಟ್ ಒಂದರಿಂದ ಪೂರಾ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ತಂದು, ಆರು ರಾಜ್ಯಗಳ 2400ರಷ್ಟು ಹಳ್ಳಿಗಳಿಗೆ ಸರ್ಕಾರ ಟಿವಿ ತೋರಿಸಿತು. ಸೈಟ್ ಪ್ರಯೋಗ ಅಂತ ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು, ಬಿಜಾಪುರ. ಕೋಳಿಗೂಡಿನ ತಂತಿ ಬಲೆ ಬಳಸಿ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೆಲ್ಲ ಒಂದೇ ಪೆಟ್ಟಿಗೆ, ಸಂಜೆಯಾದರೆ ಅದರ ಮುಂದೆ ಊರಿಗೂರೇ ಹಾಜರು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಆ ಸೈಟ್ ಟಿವಿ ಕಂಡ ಹಿರಿಯರು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ. ಟಿವಿ ಅಂದರೆ ಊರು ಕೂಡಿ ನೋಡುವಂಥದ್ದು ಅಂತಲೇ ಅವರ ತಲೆಯಲ್ಲಿ ಕೂತಿತ್ತು. ಮುಂದೆ ಮನೆಮನೆಗೆ ಟಿವಿ ಬಂದು, ಒಬ್ಬೊಬ್ಬರೂ ಬಾಗಿಲು ಹಾಕಿಕೊಂಡು ನೋಡತೊಡಗಿದಾಗ ಅವರಿಗೆ ಅದು ಜಿಪುಣತನವಾಗಿ ಕಂಡಿತು.

ಬೀನ್ ನಮ್ಮ ಹುಡುಗರಿಗೆ ಗುರುತಾದದ್ದು ಹೀಗೆ ಬಾಗಿಲು ಹಾಕಿದ ಮನೆಗಳಲ್ಲೇ. 2004ರಲ್ಲಿ ಪೋಗೊ ಚಾನೆಲ್ ಶುರುವಾದ ಮೇಲೆ ಕೇಬಲ್ ಇದ್ದ ಮನೆಯ ಹುಡುಗರು ಶಾಲೆ ಬಿಟ್ಟ ಕೂಡಲೇ ಅದರ ಮುಂದೆ ಕೂಡುತ್ತಿದ್ದರು. ಬೋರ್ಡಿನ ಮೇಲಿನ ಇಂಗ್ಲಿಷನ್ನು ಅಕ್ಷರಕ್ಕೊಂದು ನಿಮಿಷ ತಗೊಂಡು ಓದುವ ಹುಡುಗರು ಅವರು. ಬೀನ್‌ಗೆ ಇಂಗ್ಲಿಷ್ ಬೇಕಾಗಿರಲಿಲ್ಲ, ಅವನಿಗೆ ಯಾವ ಭಾಷೆಯೂ ಬೇಕಾಗಿರಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಕದಿಯಲು ಕುತ್ತಿಗೆ ಚಾಚುವುದು, ಚರ್ಚಿನಲ್ಲಿ ಸೀನು ಬಂದು ಪರದಾಡುವುದು, ಕ್ರಿಸ್‌ಮಸ್ಸಿನ ಟರ್ಕಿ ಕೋಳಿಯೊಳಗೆ ತಲೆ ಸಿಕ್ಕಿಸಿಕೊಳ್ಳುವುದು, ಇವಕ್ಕೆಲ್ಲ ಭಾಷಾಂತರ ಯಾಕೆ? ಮನೆಯ ಆಯಿಗಳು ಹಾದುಹೋಗುತ್ತ ‘ಮತ್ತ ಆ ಮಂಗ್ಯಾನ ಹಚ್ಚೀರೇನ?’ ಅಂದು, ಅಲ್ಲೇ ಕಂಬಕ್ಕೆ ಒರಗಿ ನಿಂತು ಪೂರ್ತಿ ನೋಡಿ ಹೋಗುತ್ತಿದ್ದರು.

ಬೀನ್‌ಗೆ ಭಾಷೆ ಬೇಡವಾದದ್ದು ಆಕಸ್ಮಿಕವಾಗಿ ಅಲ್ಲ. ಬೀನ್ ಪಾತ್ರಧಾರಿ ರೋವನ್ ಅಟ್ಕಿನ್ಸನ್ ಆಕ್ಸ್‌ಫರ್ಡಿನಲ್ಲಿ ವಿದ್ಯುತ್ ಎಂಜಿನಿಯರಿಂಗಿನ ಸ್ನಾತಕೋತ್ತರ ಓದುತ್ತಿದ್ದ ಕಾಲದಲ್ಲಿ ಹುಟ್ಟಿದ ಪಾತ್ರ ಇದು. ಚಿಕ್ಕಂದಿನಿಂದ ಮಾತಿನಲ್ಲಿ ಉಗ್ಗು ಇದ್ದ ಮನುಷ್ಯ ಆತ. 1987ರಲ್ಲಿ ಕೆನಡಾದ ಮಾಂಟ್ರಿಯಲ್ ಹಾಸ್ಯೋತ್ಸವದಲ್ಲಿ ಇಂಗ್ಲಿಷ್ ಸಭೆ ಬಿಟ್ಟು ಬೇಕಂತಲೇ ಫ್ರೆಂಚ್ ಮಂದಿಯ ಸಭೆಯಲ್ಲಿ ಈ ಆಟ ಹೂಡಿ ನೋಡಿದ. ಮಾತು ತಿಳಿಯದವರು ನಕ್ಕರೆ ಗೆದ್ದಂತೆ ಎಂಬ ಲೆಕ್ಕ. ಅವರು ನಕ್ಕರು. 1990ರ ಜನವರಿ ಒಂದರಂದು ಬ್ರಿಟನ್ನಿನ ಐಟಿವಿಯಲ್ಲಿ ಮೊದಲ ಕಂತು ಬಂತು. ಆರು ವರ್ಷದಲ್ಲಿ ಮಾಡಿದ್ದೆಲ್ಲ ಸೇರಿ ಹದಿನೈದೇ ಕಂತು. ನಮ್ಮ ಧಾರಾವಾಹಿಯವರು ಮೂರು ವಾರದಲ್ಲಿ ಮುಗಿಸುವಷ್ಟು ಸರಕು. ಅಷ್ಟರಲ್ಲೇ ಆತ ವಿಮಾನಗಳ ಕುರ್ಚಿಯ ಬೆನ್ನಿಂದ ಹಿಡಿದು ನಮ್ಮ ಪಡಸಾಲೆಯವರೆಗೆ ಎಲ್ಲೆಡೆ ಕಾಣಿಸಿಕೊಂಡ.

2008ರಲ್ಲಿ, ಪುಣೆಯಲ್ಲಿ ವೈರಿಂಗ್ ಕೆಲಸ ಮಾಡುವ ನಮ್ಮೋಣಿಯ ಹುಡುಗನೊಬ್ಬ ಹಬ್ಬಕ್ಕೆ ಬರುವಾಗ ಫುಟ್‌ಪಾತಿನ ಒಂದು ಡಿವಿಡಿ ತಂದ. ಒಂದೇ ತಟ್ಟೆಯಲ್ಲಿ ಎಂಟು ಸಿನಿಮಾ ತುಂಬಿಸಿಡುವ ಕಾಲ ಅದು. ಎಂಟರಲ್ಲಿ ಎರಡು ಬೀನ್‌ನವು. ಆಳಂದದ ಕಂಪ್ಯೂಟರ್ ಕ್ಲಾಸೊಂದರಿಂದ ಪ್ರೊಜೆಕ್ಟರನ್ನೂ ಬಾಡಿಗೆಗೆ ಹಿಡಿದುಕೊಂಡು ಬಂದಿದ್ದ. ಗಣೇಶ ಮಂಡಳಿಯವರು ಮೊದಲು ಒಪ್ಪಲಿಲ್ಲ. ಪ್ರತಿ ವರ್ಷದಂತೆ ಟಿವಿ ತಂದು ರಾಜಕುಮಾರ್ ಸಿನಿಮಾ ಹಚ್ಚುವುದು ಅವರ ಯೋಜನೆ. ‘ದಿನಾ ಟಿವ್ಯಾಗ ನೋಡೋ ಮಂಗ್ಯಾನ್ನ ಧೋತರದ ಮ್ಯಾಲ ನೋಡಿದ್ರ ಏನ್ ಬಂತು?’ ಅಂತ ಒಬ್ಬ ಕೇಳಿದ. ಪ್ರಶ್ನೆ ನ್ಯಾಯದ್ದೇ.

ಉತ್ತರ ಕೊಟ್ಟವನು ಸಾರಥಿ ಮುತ್ಯಾ. ಅವನ ಸ್ವಂತ ಹೆಸರು ಊರಿಗೆ ಮರೆತೇ ಹೋಗಿತ್ತು. ದೊಡ್ಡಾಟದಲ್ಲಿ ಸಾರಥಿಯ ಪಾತ್ರ ಮಾಡಿ ಮಾಡಿ ಆ ಹೆಸರೇ ಗಟ್ಟಿಯಾಗಿತ್ತು. ದೊಡ್ಡಾಟ ನೋಡದವರಿಗೆ ಒಂದು ಮಾತು: ರಾಜ ಬರಲಿ, ರಾಕ್ಷಸ ಬರಲಿ, ರಂಗಕ್ಕೆ ಬಂದ ಕೂಡಲೇ ‘ತಾವು ಯಾರು, ಸ್ಥಳ ಯಾವುದು, ನಾಮಾಂಕಿತವೇನು’ ಎಂದು ತಡೆದು ಕೇಳುವವನೇ ಸಾರಥಿ. ನಗಿಸುವವನೂ ಅವನೇ. ಕಿರೀಟ ಇಟ್ಟವರು ಗ್ರಾಂಥಿಕ ಭಾಷೆಯಲ್ಲಿ ಗುಡುಗಿದ್ದನ್ನು ಮಂದಿಯ ಭಾಷೆಗೆ ಇಳಿಸಿ, ಜೊತೆಗೆ ಎರಡು ಚುಚ್ಚುಮಾತು ಸೇರಿಸುವವನೂ ಅವನೇ. ಕಲಬುರ್ಗಿ ಸೀಮೆಯಲ್ಲಿ ಆಟಗಳು ಕಡಿಮೆಯಾದ ಮೇಲೆ ಮುತ್ಯಾನಿಗೆ ಕಟ್ಟೆಯೇ ರಂಗವಾಗಿತ್ತು.

ಮುತ್ಯಾ ಅಂದ: ‘ಧುತ್ತರಗಿಯವರ ಸಂಪತ್ತಿಗೆ ಸವಾಲ್ ನಾಟಕ ಕಂಪನಿ ತಂಬೂದಾಗ ನೋಡೀನಿ. ಆಮ್ಯಾಲ ರಾಜಕುಮಾರಂದು ಸಿನಿಮಾ ಬಂತು, ಅದೂ ನೋಡೀನಿ. ಕಥಿ ಅದs. ಖರೇ, ಸಿನಿಮಾದಾಗ ಎಮ್ಮಿ ಬಂತು. ಕಂಪನ್ಯಾಗ ಎಮ್ಮಿ ಎಲ್ಲಿಂದ ತರ್ತೀರಿ? ದೊಡ್ಡ ಪರದೆಕ್ಕ ಹೋದ್ರ ಏನರೆ ಒಂದು ಎಮ್ಮಿ ಬರ್ತದ. ಹಚ್ಚ್ರಿ, ನೋಡೂಣು.’

1974ರ ಆ ಸಿನಿಮಾದಲ್ಲಿ ರಾಜಕುಮಾರ್ ಎಮ್ಮೆಯ ಬೆನ್ನ ಮೇಲೆ ಕೂತು ಹಾಡುವುದನ್ನು ನೋಡದ ಕನ್ನಡಿಗ ಸಿಗುವುದು ಕಷ್ಟ. ಮುತ್ಯಾನ ವಾದಕ್ಕೆ ಎದುರು ಮಾತು ಹುಟ್ಟಲಿಲ್ಲ.

ಪರದೆ ಅಂದರೆ ಎರಡು ಧೋತರ ಕೂಡಿಸಿ ಹೊಲಿದದ್ದು. ಉದ್ದಕ್ಕೆ ಹೊಲಿದಿದ್ದರಿಂದ ಹೊಲಿಗೆಯ ಗೆರೆ ಸರಿಯಾಗಿ ಅಡ್ಡಡ್ಡ ಬಂತು. ಅದನ್ನು ಶಾಲೆಯ ಮುಂದಿನ ಬಯಲಲ್ಲಿ ಎರಡು ಬಿದಿರಿಗೆ ಕಟ್ಟಿ, ಗಾಳಿಗೆ ಹಾರದಂತೆ ಕೆಳಗೆ ಕಲ್ಲು ಕಟ್ಟಿದರು. ಹೆಸರಿನ ರಾಶಿ ಮುಗಿದಿತ್ತು, ತೊಗರಿ ಸೊಂಟದ ಮಟ್ಟ ಬಂದಿತ್ತು, ಮಧ್ಯಾಹ್ನ ಒಂದು ಸಣ್ಣ ಮಳೆ ಬಂದು ನೆಲ ಜಿಬ್ಬೆನ್ನುತ್ತಿತ್ತು. ಮಂದಿ ಗೊಬ್ಬರದ ಚೀಲ ಹಾಸಿಕೊಂಡು ಕೂತರು. ಮುಂದೆ ಜಾಗ ಸಾಲದೆ ಅರ್ಧ ಊರು ಪರದೆಯ ಹಿಂದೆ ಕೂತಿತು. ಧೋತರ ತೆಳ್ಳಗಿನದು, ಹಿಂದಿನಿಂದಲೂ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು, ಎಡಬಲ ಮಾತ್ರ ಅದಲುಬದಲು. ಬೀನ್‌ನ ಹಳದಿಹಸಿರು ಮಿನಿ ಕಾರಿನ ಸ್ಟೇರಿಂಗು ಮುಂದಿನವರಿಗೆ ನಮ್ಮ ಜೀಪಿನಂತೆ ಬಲಕ್ಕೆ, ಹಿಂದಿನವರಿಗೆ ಎಡಕ್ಕೆ. ಇದರ ಮೇಲೆ ಮರುದಿನ ಚಹಾದಂಗಡಿಯಲ್ಲಿ ದೊಡ್ಡ ತಕರಾರೇ ನಡೆಯಿತು. ಪ್ರೊಜೆಕ್ಟರಿನ ಬೆಳಕಿಗೆ ಮಳೆಹುಳ ಮುತ್ತಿದ್ದರಿಂದ ಲಂಡನ್ನಿನಲ್ಲೂ ಲಾಸ್ ಏಂಜಲೀಸಿನಲ್ಲೂ ಅಂದು ಹುಳವೋ ಹುಳ. ಕರೆಂಟು ಹೇಗೂ ಇರಲಿಲ್ಲ. ಮಂಡಳಿಯ ಜನರೇಟರ್, ಆರತಿಯ ಮೈಕು, ಆರತಿಯ ಹಾರ್ನು.

ಮೊದಲು ಹಚ್ಚಿದ್ದು 1997ರ ‘ಬೀನ್’. ಶುರುವಿನಲ್ಲೇ ಕಪ್ಪು ಒಡೆದುಹೋಗಿ, ಬೀನ್ ಕಾಫಿಪುಡಿ, ಸಕ್ಕರೆ, ಹಾಲು, ಬಿಸಿನೀರು ಎಲ್ಲವನ್ನೂ ಬಾಯಿಗೇ ಸುರಿದುಕೊಂಡು ಅಲ್ಲೇ ಕಲಸುತ್ತಾನೆ. ಮಂದಿ ಬಿದ್ದು ಬಿದ್ದು ನಕ್ಕರು. ಚಹಾದಂಗಡಿಯವನು ‘ಕಪ್ ತೊಳಿಯೂದು ಉಳೀತು’ ಅಂದದ್ದು ಹಾರ್ನಿಗಿಂತ ಜೋರಾಗಿ ಕೇಳಿಸಿತು.

ಆಮೇಲೆ ಕಥೆ ಶುರುವಾಯಿತು. ಕಷ್ಟವೂ ಅಲ್ಲೇ ಶುರುವಾಯಿತು.

ಬೀನ್ ಲಂಡನ್ನಿನ ಚಿತ್ರಶಾಲೆಯೊಂದರಲ್ಲಿ ಕಾವಲುಗಾರ, ಕೂತಲ್ಲೇ ನಿದ್ದೆ ಹೊಡೆಯುವವನು. ಅವನ ಕಾಟ ತಪ್ಪಿದರೆ ಸಾಕೆಂದು ಮೇಲಿನವರು ಅವನನ್ನು ದೊಡ್ಡ ಪಂಡಿತನೆಂದು ಸುಳ್ಳು ಹೇಳಿ ಅಮೆರಿಕಕ್ಕೆ ದಾಟಿಸುತ್ತಾರೆ. ಅಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿ ಐದು ಕೋಟಿ ಡಾಲರ್ ಕೊಟ್ಟು ‘ವಿಸ್ಲರನ ತಾಯಿ’ ಎಂಬ ವರ್ಣಚಿತ್ರ ತರಿಸಿದ್ದಾನೆ. 1871ರಲ್ಲಿ ಜೇಮ್ಸ್ ವಿಸ್ಲರ್ ತನ್ನ ತಾಯಿಯನ್ನು ಕೂರಿಸಿ ಬರೆದದ್ದು ಅದು, ಅಸಲು ಇರುವುದು ಪ್ಯಾರಿಸಿನ ಓರ್ಸೇ ಸಂಗ್ರಹಾಲಯದಲ್ಲಿ. ಅದರ ಬಗ್ಗೆ ಬೀನ್ ಭಾಷಣ ಮಾಡಬೇಕು. ಇಳಿದುಕೊಳ್ಳುವುದು ಡೇವಿಡ್ ಲ್ಯಾಂಗ್ಲಿ ಎಂಬ ಅಧಿಕಾರಿಯ ಮನೆಯಲ್ಲಿ. ಆ ಮನೆಯಲ್ಲಿ ಹೆಂಡತಿ, ಮಗಳು, ಮಗ, ಸಿಟ್ಟು, ಜಗಳ. ಎಲ್ಲವೂ ಇಂಗ್ಲಿಷಿನಲ್ಲಿ, ಮತ್ತು ಬಹಳ ಹೊತ್ತು.

ಅದರ ಮೇಲೆ ಬೀನ್ ಕೂಡ ಬಾಯಿ ಬಿಟ್ಟ. ನನ್ನ ಪಕ್ಕ ಕೂತಿದ್ದ ಹುಡುಗ ಗಾಬರಿಯಾಗಿ ‘ಕಾಕಾ, ಬೀನ್ ಮಾತಾಡ್ಲತ್ತಾನ!’ ಅಂದ. ನಂಬಿದವನು ಕೈಕೊಟ್ಟಾಗ ಬರುವ ದನಿ ಅದು.

ನಾನು ಆ ಸಿನಿಮಾದವರನ್ನು ಪೂರ್ತಿ ಬಯ್ಯುವವನಲ್ಲ. ಟಿವಿಯ ಇಪ್ಪತ್ತೈದು ನಿಮಿಷದಲ್ಲಿ ಬೀನ್‌ಗೆ ಯಾರೂ ಬೇಡ. ಅವನು, ಅವನ ಕರಡಿ ಗೊಂಬೆ, ಒಂದು ಹಟಮಾರಿ ವಸ್ತು, ಅಷ್ಟು ಸಾಕು. ಒಂದೂವರೆ ತಾಸು ಅಂದರೆ ಆ ಲೆಕ್ಕ ನಡೆಯುವುದಿಲ್ಲ. ಬರೆದ ರಿಚರ್ಡ್ ಕರ್ಟಿಸ್ ಮತ್ತು ರಾಬಿನ್ ಡ್ರಿಸ್ಕಾಲ್ ಅವನ ಕೈಗೆ ಸಿಕ್ಕಿ ನರಳುವ ಒಬ್ಬ ಸಂಸಾರಸ್ಥನನ್ನು ಹುಡುಕಬೇಕಾಯಿತು. ಅವನ ನೌಕರಿ, ಮದುವೆ ಎರಡಕ್ಕೂ ಸಂಚಕಾರ ತರಬೇಕಾಯಿತು. ಟಿವಿಯ ನಗೆಗಾರರನ್ನು ಸಿನಿಮಾಕ್ಕೆ ತರುವಾಗ ಬ್ರಿಟಿಷರಿಗೆ ಇನ್ನೊಂದು ಹಳೆಯ ಚಾಳಿ ಇದೆ, ಪರದೇಶಕ್ಕೆ ಕಳಿಸಿಬಿಡುವುದು. 1977ರಲ್ಲಿ ‘ಆರ್ ಯು ಬೀಯಿಂಗ್ ಸರ್ವ್ಡ್’ ಸಿನಿಮಾವಾದಾಗ ಇಡೀ ಬಟ್ಟೆ ಅಂಗಡಿಯ ಸಿಬ್ಬಂದಿಯನ್ನೇ ಸ್ಪೇನಿಗೆ ರವಾನಿಸಿದ್ದರು. ಬೀನ್‌ನ ಪಾಲಿಗೆ ಅಮೆರಿಕ ಬಂತು. ದುಡ್ಡಿನ ಮಟ್ಟಿಗೆ ಹೇಳುವುದಾದರೆ ಉಪಾಯ ಫಲಿಸಿತು: 1.8 ಕೋಟಿ ಡಾಲರಿನ ಸಿನಿಮಾ ಜಗತ್ತಿನಾದ್ಯಂತ 25 ಕೋಟಿ ಗಳಿಸಿತು. ಆದರೆ ಆ ಗಳಿಕೆಯ ಲೆಕ್ಕ ಜಿಡಗಾದ ಬಯಲಲ್ಲಿ ಏಳತೊಡಗಿದ್ದ ಮಂದಿಗೆ ಯಾಕೆ ಬೇಕು?

ಪುಣೆಯ ಹುಡುಗ ಮೈಕು ಹಿಡಿದು ಅನುವಾದಕ್ಕೆ ನಿಂತ. ‘ಈಗ ಅಕ್ಕಾರು ಸಿಟ್ಟಾಗ್ಯಾರ.’ ಅದು ಎಲ್ಲರಿಗೂ ಕಾಣುತ್ತಿತ್ತು. ‘ಈಗ ಅಣ್ಣಾರು ಏನೋ ಹೇಳ್ಲತ್ತಾರ.’ ಅದೂ ಕಾಣುತ್ತಿತ್ತು. ಹೆಂಗಸರು ಮಲಗಿದ ಕೂಸುಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಹಿಂದಿನಿಂದ ರಾಜಕುಮಾರ್ ಬೇಕೆಂಬ ಕೂಗು ಬಂತು.

ಆಗ ಸಾರಥಿ ಮುತ್ಯಾ ಎದ್ದ. ಹೆಗಲ ಟವೆಲು ಸೊಂಟಕ್ಕೆ ಬಿಗಿದ. ಹುಡುಗನ ಕೈಯಿಂದ ಮೈಕು ತಗೊಂಡು, ‘ಹಿಂದಕ ಹೊಡಿ. ಅಂವ ಇಮಾನಾ ಇಳದಲ್ಲಿಂದ ಹಚ್ಚು’ ಅಂದ.

ಬೀನ್ ಮತ್ತೆ ವಿಮಾನ ನಿಲ್ದಾಣಕ್ಕೆ ಬಂದ. ಮುತ್ಯಾ ಗಂಟಲು ಸರಿಮಾಡಿಕೊಂಡು, ಮೂವತ್ತು ವರ್ಷ ಹಿಂದಿನ ಆಟದ ದನಿ ತೆಗೆದ: ‘ಭಲಾ! ಈ ರಂಗಮಂಟಪಕ್ಕೆ ಬಂದು ಪಿಳಿಪಿಳಿ ಕಣ್ಣು ಬಿಡುವಂಥಾ ಮಹಾರಾಯರೇ, ತಾವು ಧಾರು? ತಮ್ಮ ಸ್ಥಳ ಯಾವುದು? ನಾಮಾಂಕಿತವೇನು?’

ಪರದೆಯ ಮೇಲೆ ಬೀನ್ ಹುಬ್ಬು ಏರಿಸಿ, ಮೂಗು ಮುರಿದು, ಸುತ್ತ ನೋಡಿದ. ನಾನು ಹೇಳುತ್ತೇನೆ, ಅಟ್ಕಿನ್ಸನ್ ಆ ಮುಖಭಾವ ಮಾಡುವಾಗ ಎದುರಿಗೆ ನಮ್ಮ ಸಾರಥಿಯೇ ನಿಂತಿದ್ದನೇನೋ ಅನ್ನುವಷ್ಟು ಸರಿಯಾಗಿ ಕೂತಿತು. ಬಯಲೆಲ್ಲ ಹೋ ಎಂದಿತು. ಎದ್ದವರು ಕೂತರು.

‘ಹೆಸರು ಬೀನಪ್ಪ ಅಂತ. ಊರು ಕೇಳಿದ್ರ ಹೇಳಲೊಲ್ಲ. ಸಾಲಾ ಮಾಡಿ ಓಡಿ ಬಂದಂಗ ಕಾಣ್ತದ.’

ಅಲ್ಲಿಂದ ಮುಂದೆ ಹಾಲಿವುಡ್ಡಿನ ಕಥೆಯನ್ನು ಮುತ್ಯಾ ತನ್ನ ಸುಪರ್ದಿಗೆ ತಗೊಂಡ. ಬೀನ್ ಬೆರಳನ್ನೇ ಪಿಸ್ತೂಲು ಮಾಡಿಕೊಂಡು ಪೊಲೀಸರ ಕೈಗೆ ಸಿಕ್ಕ ಮೇಲೆ ಬಂದು ಸೇರುವ ಲ್ಯಾಂಗ್ಲಿಯ ಮನೆ ಮುತ್ಯಾನ ಬಾಯಲ್ಲಿ ಬೀಗರ ಮನೆಯಾಯಿತು. ‘ಎರಡು ದಿನಕ್ಕಂತ ಬಂದ ಬೀಗ. ಈಗ ನೋಡ್ರಿ, ಹೋಗು ಅಂದ್ರ ಹೋಗವಲ್ಲ, ಇರು ಅಂದ್ರ ಸುಮ್ಮ ಇರವಲ್ಲ. ಗಂಡಗ ಬಾಯಿಲ್ಲ. ಹೆಂಡ್ತಿ ತವರಿಗಿ ಹೊಂಟಾಳ.’ ಪರದೆಯ ಹಿಂದೆ ಕೂತಿದ್ದ ಹೆಂಗಸರು ಮೊದಲ ಸಲ ನಕ್ಕರು, ಅದೂ ಅನುಭವದ ನಗೆ. ಕರ್ಟಿಸ್ ಮತ್ತು ಡ್ರಿಸ್ಕಾಲ್ ದೊಡ್ಡ ಪರದೆಗಾಗಿ ಕಷ್ಟಪಟ್ಟು ಹೆಣೆದು ಜೋಡಿಸಿದ್ದ ಸಂಸಾರ ನಮ್ಮೂರಿಗೆ ಮುಟ್ಟಿದ್ದು ಮುತ್ಯಾ ಅದನ್ನು ಬೀಗತನದ ಕಥೆ ಮಾಡಿದ ಮೇಲೆ.

ಸೇನಾಧಿಕಾರಿ ಚಿತ್ರ ಕೊಂಡ ಸಂಗತಿ ಬಂದಾಗ ಹುಡುಗ ಕಿವಿಯಲ್ಲಿ ಬೆಲೆ ಹೇಳಿದ. ಮುತ್ಯಾ ಒಂದು ಗಳಿಗೆ ಸುಮ್ಮನಿದ್ದು, ‘ಐದು ಕೋಟಿ ಡಾಲರ ಕೊಟ್ಟು ಮಂದಿ ಆಯೀ ಪಟ ತಂದಾನಂತ. ಮನ್ಯಾಗಿನ ಆಯಿಗಿ ಔಷಧಕ್ಕ ರೊಕ್ಕಾ ಕೊಟ್ಟಾನೋ ಇಲ್ಲೋ, ಯಾರರೆ ಕೇಳ್ರಿ’ ಅಂದ. ಅಲ್ಲಿ ಆಯೇರಿ ಶುರುವಾಯಿತು. ದೊಡ್ಡಾಟದ ಪದ್ಧತಿಯಂತೆ ಒಬ್ಬರು ಹನ್ನೊಂದು ರೂಪಾಯಿ, ಇನ್ನೊಬ್ಬರು ಇಪ್ಪತ್ತೊಂದು, ಚೀಟಿಯ ಮೇಲೆ ಹೆಸರು ಬರೆದು ಕಳಿಸಿದರು. ಮಂಡಳಿಯವರು ಲ್ಯಾಂಗ್ಲಿ ದಂಪತಿಗಳ ಜಗಳದ ನಡುವೆಯೇ ಅವನ್ನು ಮೈಕಿನಲ್ಲಿ ಸಾರಿದರು.

ಮುತ್ಯಾ ತಾನಾಗಿ ಬಾಯಿ ಮುಚ್ಚಿದ್ದು ಒಂದೇ ಕಡೆ. ಬೀನ್ ಆ ಚಿತ್ರದ ಮುಂದೆ ಒಬ್ಬನೇ ನಿಲ್ಲುತ್ತಾನೆ. ಸೀನು ಬರುತ್ತದೆ. ಸಿಡಿದದ್ದು ಚಿತ್ರದ ಮೇಲೆ. ಒರೆಸಲು ಕರವಸ್ತ್ರ ತೆಗೆಯುತ್ತಾನೆ. ಜೇಬಿನಲ್ಲಿ ಪೆನ್ನು ಸೋರಿ ಅದಕ್ಕೆಲ್ಲ ಶಾಯಿ. ಮುದುಕಿಯ ಮುಖಕ್ಕೆ ನೀಲಿ ಮೆತ್ತುತ್ತದೆ. ಶಾಯಿ ತೆಗೆಯಲು ಬಣ್ಣ ಕರಗಿಸುವ ದ್ರಾವಣ ಹಾಕಿ ತಿಕ್ಕಿದರೆ ಶಾಯಿಯ ಜೊತೆ ಮುಖವೂ ಹೋಗುತ್ತದೆ. ಧೋತರದ ಹೊಲಿಗೆ ಸರಿಯಾಗಿ ಆ ತಾಯಿಯ ಮೂಗಿನ ಮೇಲೆ ಹಾದಿತ್ತು. ಮುಖ ಅಳಿಸಿಹೋದ ಮೇಲೂ ಆ ಗೆರೆಯೊಂದು ಉಳಿಯಿತು. ಮುಂದೆ ಕೂತಿದ್ದ ನಮ್ಮೋಣಿಯ ಆಯಿಯೊಬ್ಬಳು ಎದ್ದು ನಿಂತು, ‘ಕುಂತ ಆಯೀ ಮಾರಿ ಅಳಿಸಿದ್ಯಲ್ಲೋ ಭಾಡ್ಯಾ!’ ಅಂತ ಕೂಗಿದಳು. ಅವಳಿಗೆ ಆ ಆಯಿ ಲಂಡನ್ನಿನವಳೋ ಅಮೆರಿಕದವಳೋ ಎಂಬ ಭೇದವಿರಲಿಲ್ಲ. ಇಡೀ ಸಿನಿಮಾದಲ್ಲಿ ಅಂದು ಎಲ್ಲರೂ ಒಟ್ಟಿಗೆ ಬಿದ್ದು ನಕ್ಕದ್ದು ಈ ಐದಾರು ನಿಮಿಷಕ್ಕೆ. ಅದರಲ್ಲಿ ಮಾತು ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಮಾತಿಗೂ ಅಂದು ಒಂದು ಗೆಲುವು ಸಿಕ್ಕಿತು ಅನ್ನಬೇಕು. ಕೊನೆಗೆ ಬೀನ್ ಭಾಷಣ ಮಾಡುತ್ತಾನೆ. ಚಿತ್ರ ದೊಡ್ಡದಾಗಿರುವುದು ಬಹಳ ಒಳ್ಳೆಯದು, ಚಿಕ್ಕದಾಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ ಎಂಬ ಧಾಟಿಯ ಭಾಷಣ. ಪಂಡಿತರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಹುಡುಗ ತಾತ್ಪರ್ಯ ಹೇಳಿದ. ಮುತ್ಯಾ ಅದನ್ನು ಬೋರ್‌ವೆಲ್ ಉದ್ಘಾಟನೆಗೆ ಬಂದ ಮುಖಂಡರ ದನಿಯಲ್ಲಿ ಹೇಳಿದ. ವೇದಿಕೆ ಮೇಲಿನ ಗಣ್ಯರಿಗೆಲ್ಲ ನಮಸ್ಕಾರ ಹೇಳಿ, ‘ಈ ಪಟಾ ದೊಡ್ಡದದ. ಸಣ್ಣದಿದ್ರ ನಿಮಗ ಕಾಣ್ತಿದ್ದಿಲ್ಲ. ಕಾಣೂಹಂಗ ಮಾಡಿದ್ದು ನಮ್ಮ ಸರ್ಕಾರ’ ಅಂದ. ನಕ್ಕೂ ನಕ್ಕೂ ಒಬ್ಬನಿಗೆ ಉಬ್ಬಸ ಬಂತು.

ಮುಗಿದಾಗ ಹನ್ನೊಂದು ದಾಟಿತ್ತು. ‘ಮುತ್ಯಾ, ಎಮ್ಮಿ ಎಲ್ಲಿ?’ ಅಂತ ಒಬ್ಬ ಕೇಳಿದ. ಮುತ್ಯಾ ಬೀಡಿ ಹಚ್ಚಿ, ‘ಬಂದಿಲ್ಲ. ಸಣ್ಣ ಡಬ್ಬ್ಯಾಗ ಇದ್ದದ್ದs ಬಂದದ. ಮ್ಯಾಲಿಂದ ಬಾಯಿ ಬ್ಯಾರೆ ಕೊಟ್ಟಾರ’ ಅಂದ.

ಎರಡನೆಯದು, 2007ರ ‘ಮಿಸ್ಟರ್ ಬೀನ್ಸ್ ಹಾಲಿಡೇ’. ಅರ್ಧ ಮಂದಿ ಮನೆಗೆ ಹೋಗಿದ್ದರು, ಉಳಿದವರು ಕಂಬಳಿ ಹೊದ್ದಿದ್ದರು. ಬೀನ್‌ಗೆ ಚರ್ಚಿನ ಲಾಟರಿಯಲ್ಲಿ ಫ್ರಾನ್ಸಿನ ಕಾನ್ ಸಮುದ್ರತೀರಕ್ಕೆ ಪ್ರಯಾಣ ಮತ್ತು ಒಂದು ವಿಡಿಯೊ ಕ್ಯಾಮೆರಾ ಸಿಗುತ್ತದೆ. ಮುತ್ಯಾ ಮೈಕು ಹಿಡಿದು ಕಾದ. ಬೀನ್ ದಿಕ್ಸೂಚಿ ನೋಡಿಕೊಂಡು ಪ್ಯಾರಿಸಿನ ನಡುವೆ ನೆಟ್ಟಗೆ, ಎದುರಿಗೆ ಬಂದದ್ದನ್ನೆಲ್ಲ ತುಳಿದುಕೊಂಡು ನಡೆದ. ಹೋಟೆಲಿನಲ್ಲಿ ತಿನ್ನಲಾಗದ ಚಿಪ್ಪಿನ ಹುಳಗಳನ್ನು ಪಕ್ಕದ ಹೆಂಗಸಿನ ಕೈಚೀಲಕ್ಕೆ ಸುರಿದ. ಮುತ್ಯಾ ಒಂದೆರಡು ಸಲ ಬಾಯಿ ತೆರೆದು ಮುಚ್ಚಿದ. ಆಮೇಲೆ ಮೈಕನ್ನು ಹುಡುಗನ ಕೈಗಿಟ್ಟು, ‘ಇದಕ್ಕ ನಾ ಬ್ಯಾಡ’ ಅಂದು ಗೊಬ್ಬರದ ಚೀಲದ ಮೇಲೆ ಕೂತ.

ದುಡ್ಡಿಲ್ಲದೆ ಸಿಕ್ಕಿಹಾಕಿಕೊಂಡ ಬೀನ್ ಸಂತೆಯಲ್ಲಿ ಪುಚ್ಚೀನಿಯ ಆಪೆರಾ ಹಾಡಿಗೆ ಬಾಯಾಡಿಸಿ ಅಭಿನಯಿಸುವ ದೃಶ್ಯವೊಂದಿದೆ. ದನಿ ಸ್ಪೀಕರಿನದು, ಹೆಣ್ಣಿನದು. ಮೈ ಬೀನ್‌ದು. ತಲೆಗೆ ಬಟ್ಟೆ ಹೊದ್ದು, ದಾರಿಯಲ್ಲಿ ಜೊತೆಯಾದ ಹುಡುಗನನ್ನೇ ಸತ್ತ ಮಗನನ್ನಾಗಿ ಮಾಡಿ ಅಳುತ್ತಾನೆ. ಮುತ್ಯಾ ನನ್ನ ತೊಡೆ ತಟ್ಟಿದ: ‘ಹಿಮ್ಮೇಳ ಹಿಂದ, ಕುಣ್ಯಾವ ಮುಂದ. ಇದು ನಮ್ಮ ಆಟ ಅಲ್ಲೇನೋ?’ ಆಮೇಲೆ ಆ ಹಾಡು ಮುಗಿಯುವ ತನಕ ಅವನ ಕೈಬೆರಳು ತಾಳ ಹಾಕುತ್ತಲೇ ಇತ್ತು.

ಕಾನ್‌ನಲ್ಲಿ ಒಬ್ಬ ಜಂಬದ ನಿರ್ದೇಶಕ, ವಿಲೆಮ್ ಡಫೋ ಮಾಡಿದ ಪಾತ್ರ, ತನ್ನ ಸಿನಿಮಾ ತೋರಿಸುತ್ತಿರುತ್ತಾನೆ. ಪರದೆ ತುಂಬ ಅವನದೇ ಮುಖ, ಅವನದೇ ಗೊಣಗಾಟ. ನೋಡುವವರು ತೂಕಡಿಸುತ್ತಿರುತ್ತಾರೆ. ಬೀನ್ ಪ್ರೊಜೆಕ್ಟರ್ ಕೋಣೆಗೆ ನುಗ್ಗಿ ತನ್ನ ಕ್ಯಾಮೆರಾದ ವೈರು ಸಿಕ್ಕಿಸಿಬಿಡುತ್ತಾನೆ. ದಾರಿಯುದ್ದಕ್ಕೂ ಕೈ ನಡುಗಿಸಿಕೊಂಡು ತೆಗೆದ ಚಿತ್ರಗಳೆಲ್ಲ ದೊಡ್ಡ ಪರದೆಯ ಮೇಲೆ ಓಡುತ್ತವೆ, ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತದೆ. ಪುಣೆಯ ಹುಡುಗ ಅದನ್ನು ಮೊದಲೇ ನೋಡಿದ್ದನೋ ಏನೋ, ಆ ಗಳಿಗೆಗೆ ಸರಿಯಾಗಿ ತನ್ನ ಪ್ರೊಜೆಕ್ಟರಿನ ಪಕ್ಕ ಎದೆ ಸೆಟೆಸಿ ನಿಂತ. ‘ಇವನಂಗs ಅಂವ’ ಅಂತ ಮಂದಿ ಇಬ್ಬರಿಗೂ ಚಪ್ಪಾಳೆ ತಟ್ಟಿದರು. ಮೊದಲ ಸಿನಿಮಾ ಬೀನ್‌ನನ್ನು ದೊಡ್ಡ ಪರದೆಗೆ ಒಗ್ಗಿಸಲು ಹೆಣಗಿತ್ತು. ಇದರಲ್ಲಿ ಅವನೇ ದೊಡ್ಡ ಪರದೆಗೆ ವೈರು ಚುಚ್ಚಿದ. ಈ ಎರಡನೆಯದೇ ನನಗೆ ಹೆಚ್ಚು. ವಿಮರ್ಶಕರು ಒಪ್ಪದಿದ್ದರೆ ಜಿಡಗಾಕ್ಕೆ ಬಂದು ಮಾತಾಡಲಿ.

ಅಲ್ಲಿಂದ ಬೀನ್ ಕಟ್ಟಡಗಳ ಮೇಲೆ, ಲಾರಿಯ ನೆತ್ತಿಯ ಮೇಲೆ ನೆಟ್ಟಗೆ ಹೆಜ್ಜೆ ಹಾಕುತ್ತ ಕೆಳಗಿಳಿದು ಸಮುದ್ರದಂಡೆಗೆ ಬರುತ್ತಾನೆ. ಎರಡೂ ಧೋತರ ತುಂಬ ನೀಲಿ ನೀರು. ನಮ್ಮ ಕಡೆಯ ಅಮರ್ಜಾ ಡ್ಯಾಮಿನ ನೀರನ್ನೇ ದೊಡ್ಡ ನೀರೆಂದು ತಿಳಿದವರು ಅಲ್ಲಿ ಬಹಳ ಮಂದಿ. ‘ಎಮ್ಮಿ ಬಂತ ನೋಡ್ರಿ!’ ಅಂತ ಮುತ್ಯಾ ಒದರಿದ.

ಆ ಉತ್ಸಾಹದಲ್ಲೇ ಚಹಾದಂಗಡಿಯವನು ಒಂದು ಚೀಟಿ ಕಳಿಸಿದ. ಮಂಡಳಿಯವರು ಅದನ್ನು ಗಂಭೀರವಾಗಿಯೇ ಓದಿದರು: ಲಂಡನ್ನಿನ ಬೀನಪ್ಪನವರ ಅಭಿನಯಕ್ಕೆ ಮೆಚ್ಚಿ ಐವತ್ತೊಂದು ರೂಪಾಯಿ ಆಯೇರಿ.

ಗಣಪತಿ ಕಳಿಸಿದ ಮರುದಿನ ಕಟ್ಟೆಯ ಮೇಲೆ ಲೆಕ್ಕ ಓದುವಾಗ ಜಮಾದ ಕಡೆ ಆ ಐವತ್ತೊಂದು ಬಂತು. ಬೇರೆಯವರ ಹೆಸರಿನ ಆಯೇರಿಯನ್ನು ಮಂಡಳಿ ಹೇಗೆ ಇಟ್ಟುಕೊಳ್ಳುತ್ತದೆ ಅಂತ ಒಬ್ಬ ಆಕ್ಷೇಪ ಎತ್ತಿದ. ಬೀನಪ್ಪನ ಪರವಾಗಿ ಸಾರಥಿಯೇ ಹಕ್ಕುದಾರ ಎಂದು ಮುತ್ಯಾ ಅರ್ಜಿ ಹಾಕಿದ. ಧೋತರ ಕೊಟ್ಟ ಮನೆಯವರು ಬಿದಿರಿನ ಸಿಬಿರು ತಾಗಿ ಹರಿದದ್ದನ್ನು ತೋರಿಸಿ, ಮೊದಲು ಇದರ ಇತ್ಯರ್ಥ ಮಾಡಿರೆಂದರು. ಒಂದು ತಾಸು ಜಗಳವಾದ ಮೇಲೆ ಕಾರ್ಯದರ್ಶಿ ಬೇಸತ್ತು, ‘ಬೀನಪ್ಪ, ಲಂಡನ್, 51, ಶಿಲ್ಕು’ ಎಂದು ಬರೆದು ಮುಂದಿನ ವರ್ಷದ ಲೆಕ್ಕಕ್ಕೆ ಹಾಕಿದ. ಮುಂದಿನ ವರ್ಷವೂ ಅದು ಹಾಗೆಯೇ ಮುಂದಕ್ಕೆ ಹೋಯಿತು.